ಟವರಿನ ರಿಂಗು ಬದಲಾಯಿಸಿದ ಸಮಾಚಾರ

ಇದ್ದಿಲು ಫ್ಯಾಕ್ಟರಿ ಹಿಂದಿನ ಮನೆ,
ಹುಳಿಯಾರು ರಸ್ತೆ
೧೭ ನವೆಂಬರ್ ೨೦೨೪, ಭಾನುವಾರ

ಚಿ. ಸೌ. ಯೋಗಿತಾಳಿಗೆ ಆಶೀರ್ವಾದಗಳು.

ಮಾನ್ಯ ಅಧ್ಯಕ್ಷರೇ, ಅಡುಗೆಕಟ್ಟೆಯೆಂಬ ವೇದಿಕೆಯ ಮೇಲೆ ಆಸೀನರಾಗಿರುವ ಕುಕ್ಕರೇ, ಮಿಕ್ಸಿಯೇ, ಹಿಂದಿನ ಸಾಲಿನಲ್ಲಿ ಬೋರಲು ಬಿದ್ದಿರುವ ನಾಲ್ಕು ಲೋಟಗಳೇ. ಹೆಂಡತಿಯ ಕಾಗದ ಬಂದು ತಿಂಗಳಾದರೂ ಉತ್ತರ ಬರೆಯದ ಮೋಹನ್ ಕುಮಾರ್, ಬಿ.ಎಸ್ಸಿ., ಕನ್ನಡ ಮಾಧ್ಯಮ, ತಮ್ಮೆಲ್ಲರ ಸಮ್ಮುಖದಲ್ಲಿ ಕ್ಷಮೆ ಯಾಚಿಸುತ್ತಿದ್ದಾನೆ. ಸಭೆ ಮೌನವಾಗಿದೆ. ಮೌನವನ್ನು ಸಮ್ಮತಿ ಎಂದು ದಾಖಲಿಸಲಾಗಿದೆ.

ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನಿನಗೆ ಕೆಮ್ಮು ಹತ್ತಿಕೊಳ್ಳುತ್ತದೆ. ಅತ್ತೆ ಫೋನು ಕಸಿದುಕೊಂಡು, ಆಮ್ಯಾಕೆ ಮಾಡ್ತಾಳೆ ಬುಡಪ್ಪ ಎಂದು ಇಟ್ಟುಬಿಡುತ್ತಾರೆ. ನಮಗೆ ಕಾಗದವೇ ಕ್ಷೇಮ. ನಿಮ್ಮೂರು ದಬ್ಬೇಘಟ್ಟಕ್ಕೆ ನಾಲೆ ನೀರು ಬಂತೆಂದೂ, ಬೆಳಗಿನ ಹೊತ್ತು ಎದೆ ಕೊಂಚ ಹಗುರವೆಂದೂ ನೀನು ಬರೆದಿದ್ದೆ. ಆ ಎರಡನೆಯ ಸಾಲನ್ನು ದಿನಾ ಓದುತ್ತೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಒಬ್ಬನಿಗೆ ಮುದ್ದೆ ಮಾಡಲು ಹೋದರೆ ಹಿಟ್ಟು ತಳ ಹಿಡಿಯುತ್ತದೆ, ಇಬ್ಬರಿಗೆ ಮಾಡಿದರೆ ಒಂದು ಮುದ್ದೆ ಸಂಜೆಯವರೆಗೂ ನನ್ನ ಮುಖ ನೋಡುತ್ತಾ ಕೂತಿರುತ್ತದೆ. ಈ ಸಂದರ್ಭದಲ್ಲಿ ಒಂದು ಪದ್ಯ:

ಒಬ್ಬನೇ ಉಂಡರೆ ಸಾರಿಗೆ ಉಪ್ಪಿಲ್ಲ,
ಒಬ್ಬನೇ ನಕ್ಕರೆ ಯಾರೂ ಒಪ್ಪಲ್ಲ.

ಮಿಕ್ಸಿ ಚಪ್ಪಾಳೆ ತಟ್ಟಲಿಲ್ಲ.

ಈಗ ಮುಖ್ಯ ವಿಷಯ. ಫ್ಯಾಕ್ಟರಿಯ ಹೊಗೆ ತೊಳೆಯುವ ಟವರು ಬಿಚ್ಚಿದೆವು. ರಿಂಗು ಬದಲಾಯಿತು. ಶಿವರಾತ್ರಿಯ ಮಾರನೆಯ ದಿನ ಬಸ್ಸು ಹತ್ತುವಾಗ ನೀನು ಹೇಳಿದ್ದು ಇಷ್ಟೇ: “ಆ ಟವರ್ ಸರಿಯಾದ ದಿನ ಹೇಳ್ರೀ, ಬತ್ತೀನಿ. ಅಲ್ಲೀಗಂಟ ಅಮ್ಮನ ಮನೇಲಿ ಉಸ್ರಾಡ್ಕೊಂಡಿರ್ತೀನಿ.” ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿದ್ದರೂ ಸಭಿಕರಿಗೆ ತಿಳಿಸಬೇಕಾದ್ದು ನನ್ನ ಕರ್ತವ್ಯ. ತೆಂಗಿನ ಚಿಪ್ಪು ಸುಟ್ಟ ಹೊಗೆ ಟವರಿನ ಕೆಳಗಿನಿಂದ ಏರುತ್ತದೆ, ಮೇಲಿನಿಂದ ನೀರು ಇಳಿಯುತ್ತದೆ. ನಡುವೆ ಹೆಬ್ಬೆರಳು ಗಾತ್ರದ ಸಾವಿರಾರು ಪ್ಲಾಸ್ಟಿಕ್ ರಿಂಗುಗಳು. ಅವುಗಳ ಮೈಮೇಲೆಲ್ಲ ನೀರು ಹರಿದಾಗ ಹೊಗೆ ಸ್ನಾನ ಮಾಡಿಕೊಂಡು ಸಭ್ಯವಾಗಿ ಹೊರಗೆ ಹೋಗುತ್ತದೆ. ವರ್ಷಗಳಾದ ಮೇಲೆ ಕೆಳಗಿನ ರಿಂಗುಗಳು ಭಾರಕ್ಕೆ ಚಪ್ಪಟೆಯಾಗುತ್ತವೆ, ಉಳಿದವಕ್ಕೆ ಟಾರು ಮೆತ್ತುತ್ತದೆ. ಆಗ ಹೊಗೆ ಸಂದಿ ಹುಡುಕಿ, ನೀರಿಗೆ ಸಿಗದೆ, ಹಾಗೇ ನುಸುಳಿ ನಮ್ಮ ಅಡುಗೆಮನೆಗೆ ಬರುತ್ತದೆ.

ಯಾವಾಗ ಬದಲಾಯಿಸಬೇಕು ಎಂಬುದೇ ಪ್ರಶ್ನೆ. ಬೇಗ ಬಿಚ್ಚಿದರೆ ನಷ್ಟ, ತಡ ಮಾಡಿದರೆ ಕಷ್ಟ. ಟವರಿನ ಪಕ್ಕದ ಗಾಜಿನ ಕೊಳವೆಯಲ್ಲಿ ಬಣ್ಣದ ನೀರಿದೆಯಲ್ಲ, ರಿಂಗು ಹೊಸದಿದ್ದಾಗ ಅದು ನಾಲ್ಕು ಬೆರಳು ಏರಿ ನಿಲ್ಲುತ್ತದೆ. ರಿಂಗು ಕಟ್ಟಿಕೊಂಡಷ್ಟೂ ಮೇಲೇರುತ್ತದೆ, ಎಂಟಾದರೆ ಬಿಚ್ಚಲೇಬೇಕು. ಆದರೆ ನಮ್ಮ ಯಜಮಾನರು ಶಂಭುಲಿಂಗಯ್ಯನವರು ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರದವರು. ಅಟ್ಟದ ಮೇಲಿನ ಕಾಯನ್ನು ಹನ್ನೊಂದು ತಿಂಗಳು ಮುಟ್ಟದೆ ಕಾದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಟಕ್ ಎಂದರಷ್ಟೇ ಒಡೆಯುವ ಮನೆತನ. ಟವರಿಗೂ ಅದೇ ಪರೀಕ್ಷೆ. ವಾರಕ್ಕೊಮ್ಮೆ ಸ್ಪ್ಯಾನರಿನಿಂದ ತಟ್ಟಿ, ಕಿವಿಯಿಟ್ಟು, ಇನ್ನೂ ಗಟ್ಟಿಯಾಗಿದೆ, ಇನ್ನೊಂದು ಸೀಸನ್ ನೋಡೋಣ ಎನ್ನುತ್ತಿದ್ದರು. ನಾನೂ ಮನೆಗೆ ಬಂದು, ಟವರಿಗೆ ಇನ್ನೂ ಕಾಲ ಬಂದಿಲ್ಲ ಕಣೇ ಎನ್ನುತ್ತಿದ್ದೆ. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ನೀರು ಕೆಳಗಿಳಿಯುವುದನ್ನೇ ಬಿಟ್ಟಿತು. ಮೇಲಿನ ಕೊಳವೆಯಿಂದ ಹೊಗೆಯ ಜೊತೆ ಕಪ್ಪು ಹನಿ ಸಿಡಿದು ಹಗ್ಗದ ಮೇಲಿದ್ದ ನನ್ನ ಎರಡು ಬಿಳಿ ಅಂಗಿಗೂ ಚುಕ್ಕಿ ಇಟ್ಟಿತು. ಯಜಮಾನರನ್ನು ಕರೆದೆ. ಅವರು ಅಭ್ಯಾಸದಂತೆ ತಟ್ಟಿ ನೋಡಿದರು.

“ಗಟ್ಟಿಯಾಗೈತೆ ಕಣಪ್ಪ. ಸದ್ದು ಬರ್ಲಿ, ಆಮೇಲೆ ಬಿಚ್ಚಾನ.”

“ಇದು ಕಾಯಲ್ಲ ಯಜಮಾನ್ರೇ. ಕೆಟ್ಟಷ್ಟೂ ಗಟ್ಟಿಯಾಗುತ್ತೆ. ನೀವು ಕಾಯ್ತಿರೋ ಸದ್ದು ಇದ್ರಲ್ಲಿ ಬರೋದೇ ಇಲ್ಲ.”

ಅವರು ಒಪ್ಪುವಂತೆ ಕಾಣಲಿಲ್ಲ. ಪಂಪು ನೋಡಿಕೊಳ್ಳುವ ಸಣ್ಣತಿಮ್ಮಯ್ಯ ಬೀಡಿ ಕೆಳಗಿಟ್ಟು ನಿಧಾನವಾಗಿ ಹೇಳಿದ: “ಮೋಹನಣ್ಣಾರ ಮನೆಯೋರ ಎದೆ ಕಟ್ಕೊಂಡಂಗೆ ಕಟ್ಕೊಂಡೈತೆ ಸಾಮಿ. ಅವರಾದ್ರೂ ತವರಿಗೋದ್ರು. ಇದು ಎಲ್ಲಿಗೋಯ್ತದೆ?”

ಯಜಮಾನರು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, ನಿಲ್ಸು ಹಾಗಾದ್ರೆ ಎಂದು ಹೊರಟುಹೋದರು.

ನಾಲ್ಕು ದಿನ ಹಿಡಿಯಿತು. ಮೇಲಿನ ರಿಂಗುಗಳು ಬೊಗಸೆಯಲ್ಲಿ ಬಂದವು. ಕೆಳಗಿನವನ್ನು ಹಾರೆಯಲ್ಲಿ ಕಿತ್ತೆವು. ಟವರಿಗೆ ನೀರು ತುಂಬಿಸಿಕೊಂಡು ಹೊಸವನ್ನು ಮೆಲ್ಲಗೆ ಸುರಿದೆ, ಬಿದ್ದು ಮುರಿಯಬಾರದೆಂದು. ಶುಕ್ರವಾರ ಚಾಲೂ ಮಾಡಿದಾಗ ಗಾಜಿನ ಕೊಳವೆಯ ನೀರು ನಾಲ್ಕು ಬೆರಳಿಗೆ ನಿಂತಿತು. ಮನೆಗೆ ಬಂದು ಕಿಟಕಿ ತೆರೆದಿಟ್ಟು ಅಡುಗೆಮನೆಯಲ್ಲಿ ಒಂದು ಗಂಟೆ ಕೂತೆ. ಏನೂ ವಾಸನೆ ಬರಲಿಲ್ಲ. ಹಾಗೆಂದು ಹೇಳೋಣವೆಂದು ತಿರುಗಿದರೆ ಯಾರೂ ಇರಲಿಲ್ಲ.

ಹೇಳಿದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಅತ್ತೆಗೆ ನಮಸ್ಕಾರ ತಿಳಿಸು. ಬಿಸಿನೀರು ಕುಡಿ, ನಾಲೆಯ ಥಂಡಿಗೆ ಹೋಗಬೇಡ. ದೇವರು ನಿನ್ನ ಉಸಿರನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಮೋಹನ್ ಕುಮಾರ್

ವಿ.ಸೂ.: ಸಭೆ ಮುಗಿಯಿತು. ಇದು ನಿನಗೊಬ್ಬಳಿಗೆ. ಕೊಳವೆಯ ನೀರು ಎಂಟು ಬೆರಳು ದಾಟಿದ್ದು ನೀನು ಹೋಗುವುದಕ್ಕೆ ಒಂದು ವರ್ಷ ಮೊದಲು. ದಿನಾ ಬೆಳಿಗ್ಗೆ ನೋಡುತ್ತಿದ್ದವನು ನಾನೇ. ಟವರು ನಿಲ್ಲಿಸಿ ಎಂದರೆ ನನ್ನ ಜಾಗಕ್ಕೆ ಡಿಪ್ಲೊಮಾ ಓದಿದ ಇನ್ನೊಬ್ಬನನ್ನು ತರುತ್ತಾರೆಂದು ಹೆದರಿ, ಯಜಮಾನರ ಮಾತಿನ ಹಿಂದೆ ಅಡಗಿಕೊಂಡೆ. ತುಮಕೂರಿನ ಆಸ್ಪತ್ರೆಯಲ್ಲಿ ನೀನು ಎಕ್ಸ್‌ರೇಗೆ ಒಳಗೆ ಹೋಗಿದ್ದಾಗ ಡಾಕ್ಟರು, ಮನೆ ಹತ್ತಿರ ಹೊಗೆ ಏನಾದರೂ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಬೆಕ್ಕು, ನಾಯಿ ಎಂದರು. ಬೆಕ್ಕಿದೆ ಎಂದೆ. ಅದನ್ನು ಅರಳಗುಪ್ಪೆಯ ನಿನ್ನ ಅಕ್ಕನ ಮನೆಗೆ ಬಿಟ್ಟುಬರಲು ನೀನು ಅಳುತ್ತಾ ಹೊರಟೆಯಲ್ಲ, ಕೆಮ್ಮು ಬೆಕ್ಕಿನಿಂದಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಚೀಲದ ಬಾಯಿ ಕಟ್ಟಿಕೊಟ್ಟೆ.