ಬಾಯಿಮಾತಿಗೂ ಅನುಮತಿ ಇಲ್ಲ

ಫೆಬ್ರವರಿ 3
ಇವತ್ತೂ ಗಂಗಾವತಿಯಿಂದ ಮೊದಲ ಬಸ್ಸು. ಕೊಪ್ಪಳದ ಸರ್ಕಾರಿ ಆಫೀಸಿನಲ್ಲಿ ಮೊಬೈಲು, ಬ್ಯಾಗು ಎಲ್ಲ ಹೊರಗೇ. ಪಿಎಚ್‌ಡಿಗೆಂದು ಅಂತರ್ಜಲದ ಗೌಪ್ಯ ವರದಿ ಓದಲು ಕೊನೆಗೂ ಅನುಮತಿ ಸಿಕ್ಕಿದೆ. ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತ ಗುಮಾಸ್ತ ಈಶಪ್ಪನವರು ಅಂದರು:
"ಹೊರಗಿನವರಿಗೆ ರೂಲ್ಸ್ ಭಾಳ ಬಿಗಿ ಅದಾವ್ರಿ ಮೇಡಂ. ಬರಕೊಂಡದ್ದು ಸಾಹೇಬ್ರು ನೋಡಿ ಬಿಟ್ಟ ಮ್ಯಾಲನ ಹೊರಗ. ಗೌಪ್ಯ ಇದ್ದದ್ದು ಬಾಯಿಮಾತಿಗೂ ಹೇಳಂಗಿಲ್ಲ. ಹೇಳಿದ್ರ ಕೇಸು."
ನಕ್ಕೆ. ಯಾರಿಗೆ ಹೇಳಲಿ?

ಫೆಬ್ರವರಿ 5
ಓದಬಾರದಿತ್ತು.
ಹಳೆ ಬ್ಯಾಟರಿ ಕರಗಿಸುವ ಶೆಡ್ಡು. ಪಕ್ಕದಲ್ಲೇ ಊರಿನ ಬೋರು. ನೀರಿನಲ್ಲಿ ಸೀಸ — ಮಿತಿಗಿಂತ ಎಷ್ಟೋ ಪಟ್ಟು. ಊರ ಹೆಸರು ಎರಡು ಸಲ ಓದಿದೆ. ಅಪ್ಪನ ತಂಗಿ ಮುದಕಮ್ಮತ್ತೆಯ ಊರು. ಅತ್ತೆಯ ಸೊಸೆ ಅಮೃತಾ ತುಂಬು ಬಸುರಿ. ಕುಡಿಯುವುದು ಅದೇ ನೀರು.
"ಊರವರಿಗೆ ಹೇಳ್ಯಾರೇನ್ರಿ?"
ಈಶಪ್ಪ ಬಾಗಿಲ ಕಡೆ ನೋಡಿದರು. "ತನಿಖಿ ನಡದೈತ್ರಿ. ಮುಗಿಯೂತನಕ ಗೌಪ್ಯ."

ಫೆಬ್ರವರಿ 9
ಟಿಪ್ಪಣಿ ವಾಪಸ್ ಬಂತು. ಊರ ಹೆಸರಿದ್ದಲ್ಲೆಲ್ಲ ಕಪ್ಪು ಮಸಿ. ಊಟ ಸೇರುತ್ತಿಲ್ಲ. ಅವ್ವ ಹಣೆ ಮುಟ್ಟಿ ಜ್ವರ ನೋಡಿದಳು.

ಫೆಬ್ರವರಿ 10, ಮಧ್ಯಾಹ್ನ
ಹೋಗಿಬಿಟ್ಟೆ. ಅತ್ತೆ ತಂಬಿಗೆ ನೀರು ಕೈಗಿತ್ತಳು. ಕುಡಿಯಲಾಗಲಿಲ್ಲ.
"ಯಾಕವ್ವ, ನಮ್ಮ ನೀರು ಬ್ಯಾಡೇನು?"
ಹೇಳಿದೆ. ಎಲ್ಲ. "ಯಾರು ಹೇಳಿದ್ರು ಅಂತ ಮಾತ್ರ ಹೇಳಬ್ಯಾಡ, ಅತ್ತಿ."
ಅಮೃತಾ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು.
ಬಸ್ಸಿನಲ್ಲಿ ಹಿಂದೆ ಕೂತವನು ನನ್ನನ್ನೇ ನೋಡುತ್ತಿದ್ದನಾ... ಭ್ರಮೆ ಇರಬೇಕು.

ಫೆಬ್ರವರಿ 16
ಆ ನೀರು ಯಾರೂ ಎತ್ತದಂತೆ ಊರವರು ಬೋರಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿದ್ದಾರೆ. ಈಶಪ್ಪನವರ ಫೋನ್. ಪಿಸುದನಿ.
"ಆ ಫೈಲ್ ನೋಡಿದ ಹೊರಗಿನವ್ರು ನೀವೊಬ್ರ ಅದೀರಿ. ನಾಳೆ ನಿಮ್ಮ ಮನಿಗೆ ಕೇಳಾಕ ಬರ್ತಾರ. ಯಾರಿಗೂ ಏನೂ ಹೇಳಿಲ್ಲ ಅನ್ರಿ. ಬರೇ ಗಾಳಿಸುದ್ದಿ ಅನ್ರಿ."
ಗಾಳಿಸುದ್ದಿ ಅಂದರೆ ನಾನು ಉಳಿಯುತ್ತೇನೆ. ಬೀಗ ಉಳಿಯುವುದಿಲ್ಲ.

ಫೆಬ್ರವರಿ 17, ಬೆಳಿಗ್ಗೆ
ಅತ್ತೆಯ ಫೋನ್. ಹಿಂದೆ ಗದ್ದಲ.
"ಎಲ್ಲಾ ಸುಳ್ಳು, ಬೀಗ ತೆಗೀರಿ ಅಂತ ಆಫೀಸಿನ ಮಂದಿ ಬಂದಾರವ್ವ. ಏನ್ ಹೇಳ್ಲಿ?"
ಅವ್ವನಿಗೆ ಕೇಳದಂತೆ ಕೋಣೆಯ ಬಾಗಿಲು ಹಾಕಿದೆ.
"ನನ್ನ ಹೆಸರು ಹೇಳು, ಅತ್ತಿ. ಸರ್ಕಾರದ ಫೈಲಿನ್ಯಾಗ ಅಂಜಲಿನ ಓದ್ಯಾಳ ಅನ್ನು."
ಫೋನ್ ಇಟ್ಟೆ. ಬಾಗಿಲಲ್ಲಿ ಜೀಪು. ಅವ್ವ ಯಾರನ್ನೋ "ಬರ್ರಿ, ಕೂಡ್ರಿ, ಚಾ ಮಾಡ್ತೀನಿ" ಅನ್ನುತ್ತಿದ್ದಾಳೆ. ಅವಳಿಗೆ ಇನ್ನೂ ಏನೂ—