ಎಸ್ಮೆ ಆಂಟಿಯ ಓಣಿ

ಬೈಲಹೊಂಗಲ
೯ ಮಾರ್ಚ್ ೨೦೨೪

ಪ್ರೀತಿಯ ಮಗಳು ಪ್ರಜ್ಞಾಗೆ ಅಪ್ಪನ ಆಶೀರ್ವಾದ.

ಹೇಗಿದ್ದೀ? ಡೆಂಗಿ ಜ್ವರದ ನಂತರ ಕೀಲುನೋವು ಉಳಿದಿದೆ ಎಂದಿದ್ದೆ, ಈಗ ಕಡಿಮೆಯೇ? ಲ್ಯಾಬಿನ ಕೆಲಸದಲ್ಲಿ ಊಟ ತಪ್ಪಿಸಬೇಡ. ನಿನ್ನವ್ವನ ಮೊಣಕಾಲು ಪರವಾಗಿಲ್ಲ. ನಿನ್ನ ತಮ್ಮ ಸಂಜು ನವಿಲುತೀರ್ಥದ ಕಾಲುವೆ ಕೆಲಸಕ್ಕೆ ದಿನವೂ ಬಸ್ಸಿನಲ್ಲೇ ಹೋಗಿ ಬರುತ್ತಾನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ.

ಟ್ರಿನಿಡಾಡಿನಲ್ಲಿ ನಿನಗೆ ಬಾಡಿಗೆಗೆ ಕೋಣೆ ಕೊಟ್ಟು, ಜ್ವರದಲ್ಲಿ ಹನ್ನೊಂದು ದಿನ ನಿನ್ನ ಪಕ್ಕ ಕೂತ ಎಸ್ಮೆ ಆಂಟಿ ಐದು ದಿನಕ್ಕೆಂದು ನಮ್ಮಲ್ಲಿಗೆ ಬಂದರಲ್ಲ. ಎಪ್ಪತ್ತೆರಡರ ಆ ಹೆಣ್ಣುಮಗಳು ಮೊದಲ ದಿನವೇ ನೆಲಕ್ಕೆ ಕೂತು ರೊಟ್ಟಿ ಬಡಿದರು. ಒಂದೂ ದುಂಡಗಾಗಲಿಲ್ಲ. "ಇವು ನಿಮ್ಮ ದೇಶದ ನಕಾಶೆ ಅದಾವ್ರಿ" ಎಂದು ಅವ್ವ ನಕ್ಕರೆ, ಮಾತು ತಿಳಿಯದೆಯೂ ಅವರು ನಕ್ಕರು. ಸಂಜೆ ನನಗೆ ತಿಳಿಯುವಷ್ಟು ಇಂಗ್ಲಿಷಿನಲ್ಲಿ, ತಾವಿರುವ ಜೋಸೆಫ್ ಟ್ರೇಸಿನ ಕಥೆ ಹೇಳಿದರು. ಟ್ರೇಸ್ ಅಂದರೆ ನಮ್ಮ ಓಣಿಯಂತೆ. ಗುಲಾಮಗಿರಿ ತಪ್ಪಿದ ಆಫ್ರಿಕಾ ಮೂಲದ ಆರು ಕುಟುಂಬಗಳು, ಆಂಟಿಯ ಹಿರಿಯರೂ ಸೇರಿ, ಕಬ್ಬಿನ ತೋಟದ ಅಂಚಿನ ಜವಳು ನೆಲಕ್ಕೆ ಮಣ್ಣು ಹೊತ್ತು ಹಾಕಿ ಮನೆ ಕಟ್ಟಿದರಂತೆ. ಮುಂದೆ ಅದೇ ತೋಟಕ್ಕೆ ಹಡಗಿನಲ್ಲಿ ನಮ್ಮ ದೇಶದ ಕೂಲಿಗಳು ಬಂದರು. ಅವರಲ್ಲಿ ಒಬ್ಬ ಬಾಣಂತಿ ತೀರಿಕೊಂಡಾಗ ಆ ಹಸುಗೂಸಿಗೆ ಹಾಲುಣಿಸಿದವಳು ಎಸ್ಮೆಯ ಮುತ್ತಜ್ಜಿ. ಕೂಸಿನ ಮನೆತನ ಇಂದಿಗೂ ಪಕ್ಕದ ಮನೆಯಲ್ಲೇ ಇದೆಯಂತೆ. ನಲವತ್ತು ವರ್ಷ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ ನನಗೆ ಕಬ್ಬಿನ ಹಿಂದೆ ಇಷ್ಟು ಜನರಿದ್ದಾರೆಂದು ಗೊತ್ತಿರಲಿಲ್ಲ.

ಮೂರನೆಯ ದಿನ ಸಂಜುವಿನ ಸಂಬಂಧಕ್ಕೆ ಸಂಗೊಳ್ಳಿಯ ಹೆಣ್ಣಿನ ಕಡೆಯವರು ಬಂದರು. ಗದ್ದಲದಲ್ಲಿ ದಣಿವಾಗುತ್ತದೆ, ಮಾಳಿಗೆಯ ಕೋಣೆಯಲ್ಲೇ ಇರಿ ಎಂದು ನಾನು ಆಂಟಿಗೆ ಬೆಳಿಗ್ಗೆಯೇ ಹೇಳಿದ್ದೆ. ಅದು ಸುಳ್ಳು ಮಗಳೇ. ಬಂದವರು ಆಂಟಿಯ ಕಪ್ಪು ಬಣ್ಣ ಕಂಡು ನಿನ್ನ ಬಗ್ಗೆ ಏನು ಆಡಿಕೊಳ್ಳುತ್ತಾರೋ ಎಂದು ಅಂಜಿದ್ದೆ. ಮಠದ ಕಟ್ಟೆಯ ಮೇಲೆ ಕೂತು ಎಲ್ಲರೂ ಸಮ ಎಂದು ಹೇಳುವವನೂ ನಾನೇ.

ನಿಮ್ಮ ಮಗಳು ಅಲ್ಲಿ ಯಾರ ಮನೆಯಲ್ಲಿದ್ದಾಳೆ ಎಂದು ಹೆಣ್ಣಿನ ಅಜ್ಜಿ ಕೇಳಿದರು. "ಗುಜರಾತಿ ಮಂದಿ ಮನಿಯಾಗ ಅದಾಳ್ರಿ" ಎಂದು ಇನ್ನೊಂದು ಸುಳ್ಳು ಹೇಳಿದೆ. ಅಷ್ಟರಲ್ಲಿ ಆಂಟಿ, ಅವ್ವ ಕೊಟ್ಟ ಇಳಕಲ್ ಸೀರೆ ಉಟ್ಟು, ನಿನ್ನ ಫೋಟೋಗಳನ್ನು ತೋರಿಸಲು ಮೆಟ್ಟಿಲಿಳಿದು ಬಂದರು. "ಯಾರ್ರಿ ಈಕಿ?" ಎಂದರು ಅಜ್ಜಿ. "ಮಿಷನ್ ದವಾಖಾನಿಗೆ ಬಂದಾಕಿ. ಇರಾಕ ಜಾಗ ಕೇಳಿದ್ಲು, ಕೊಟ್ಟೇವಿ" ಎಂದೆ. ಆಂಟಿಗೆ ಕನ್ನಡ ಬಾರದು. ಆದರೆ ನಾನು ಅವರ ಮುಖ ನೋಡದೆ ಮಾತಾಡಿದ್ದು ತಿಳಿಯಲು ಭಾಷೆ ಬೇಕಿರಲಿಲ್ಲ. ಫೋಟೋಗಳನ್ನು ಸೆರಗಿನಲ್ಲಿ ಮರೆಮಾಡಿ, ಎಲ್ಲರಿಗೂ ಕೈ ಮುಗಿದು ಮೇಲೆ ಹೋದರು. ಅವ್ವ ಚಹಾ ಒಯ್ದವಳು ಅವರ ಬಳಿಯೇ ಕೂತುಬಿಟ್ಟಳು. ಅಂದಿನಿಂದ ನನ್ನ ಜೊತೆ ಅವಳ ಮಾತು ಅಷ್ಟಕ್ಕಷ್ಟೆ.

ಮರುದಿನವೇ ಆಂಟಿ ಹೊರಟರು. ಬೆಳಗಾವಿ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು, ಮಗಳ ಚಿಂತೆ ಬೇಡ, ನಾನಿದ್ದೇನೆ ಎಂದರು. ತಪ್ಪಾಯಿತು ಎನ್ನಲು ಬಾಯಿ ತೆರೆದವನು ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದೆ. ನಿನ್ನ ಮುಂದೆ ಅವರು ನನ್ನನ್ನು ಹೊಗಳಿದರಂತೆ; ಫೋನಿನಲ್ಲಿ ನೀನು ಅದನ್ನು ಖುಷಿಯಿಂದ ಹೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತೆ.

ಅವ್ವನ ಆಶೀರ್ವಾದ, ಸಂಜುವಿನ ನಮಸ್ಕಾರ. ಆಂಟಿಗೆ ಏನು ತಿಳಿಸಲಿ ಎಂದು ತೋಚದೆ ಕೂತಿದ್ದೇನೆ.

ನಿನ್ನ ಅಪ್ಪ,
ವೀರಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಸಂಗೊಳ್ಳಿಗೆ ಹೋಗಿ ನಿಜ ಹೇಳಿ ಬಂದೆ. ಸಂಬಂಧ ಮುರಿದರೆ ಮುರಿಯಲಿ ಎಂದೇ ಹೋದೆ. ಅಜ್ಜಿ, "ಮಗಳ ಜೀವಾ ಉಳಿಸಿದಾಕಿನ್ನ ನಮ್ಮ ಮುಂದ ನಿಂದರಿಸಿ ಕಳಿಸಿದ್ರೇನ್ರಿ? ನಮ್ಮನ್ನ ಎಂಥಾ ಮಂದಿ ಅಂತ ತಿಳಕೊಂಡ್ರಿ?" ಎಂದರು. ಆದರೂ ಸಂಬಂಧ ಮುರಿಯಲಿಲ್ಲ. ಮೇ ತಿಂಗಳಲ್ಲಿ ಮದುವೆ. ಈ ಕಾಗದವನ್ನು ಆಂಟಿಗೆ ಇಂಗ್ಲಿಷಿನಲ್ಲಿ ಓದಿ ಹೇಳು, ಗುಜರಾತಿ ಮಂದಿಯ ಸುಳ್ಳನ್ನೂ ಬಿಡಬೇಡ. ಮದುವೆಗೆ ಬರುತ್ತೀರಾ ಎಂದು ಆಮೇಲೆ ಕೇಳು. ಓದುವ ಮೊದಲು ಕೇಳಬೇಡ.