ವಾಪಸು ಹೋದವರ ಕಾಲಂ

ಅಂಕಿಅಂಶ ಕಚೇರಿ, ಮೂರನೇ ಮಹಡಿ
ಮಾರ್ಚ್ ೧೪, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಮೊಣಕಾಲು ನೋವು ಕಡಿಮೆಯಾಯಿತಾ, ಅಥವಾ ಊರಿಗೆಲ್ಲ ಮುಲಾಮು ಹಚ್ಚಿ ನಿನ್ನದನ್ನು ಹಾಗೇ ಬಿಟ್ಟಿದ್ದೀಯಾ? ನೀನು ಅಂಥವಳೇ. ನಾವು ಚೆನ್ನಾಗಿದ್ದೇವೆ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ‘ಸೋದರತ್ತೆ’ ಎನ್ನಲು ಹೋದರೆ ಬಾಯಿಂದ ಬರೀ ಗಾಳಿ ಬರುತ್ತದೆ.

ಹೋದ ತಿಂಗಳು ನಿನ್ನ ಆರೋಗ್ಯ ಕೇಂದ್ರಕ್ಕೆ ಬಂದು ಎರಡು ದಿನ ಕೂತಿದ್ದರಲ್ಲ, ಆ ಹೊರದೇಶದವರಿಬ್ಬರು, ಅವರ ವರದಿ ಬಂತು. ಅವರ ದೇಶ ಆರು ವರ್ಷದಿಂದ ನಮ್ಮ ಸರ್ಕಾರಕ್ಕೆ ನೆರವು ಕೊಡುತ್ತಿದೆ. ಇಂಥ ಕಟ್ಟಡಕ್ಕೆ, ಇಂಥ ಔಷಧಿಗೆ ಅಂತಲ್ಲ, ನೇರವಾಗಿ ಬಜೆಟ್ಟಿಗೆ. ಅದರಿಂದ ಏನು ಪರಿಣಾಮವಾಯಿತು ಅಂತ ಅಳೆಯುವುದು ಅವರ ಕೆಲಸ, ಅಂಕಿ ಒದಗಿಸುವುದು ನನ್ನದು. ಬಜೆಟ್ಟಿಗೆ ಬಿದ್ದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾವ ಬೊಗಸೆ ಹುಳಿಯಾಯಿತು ಅಂತ ಹುಡುಕುವುದು ಹೇಗೆ? ಆ ಇಬ್ಬರಲ್ಲಿ ಉದ್ದನೆಯವರಿಗೆ ಇದನ್ನೇ ಹೇಳಿದೆ. ‘ಅದಕ್ಕೇ ನಿಮ್ಮ ಹತ್ರ ಬಂದಿರೋದು’ ಅಂತ ನಕ್ಕರು.

ಅವರು ನಲವತ್ತು ಕೇಂದ್ರಗಳನ್ನು ಆರಿಸಿಕೊಂಡಿದ್ದರು. ಉಳಿದೆಲ್ಲ ಕಡೆ ರಿಜಿಸ್ಟರಿನಲ್ಲಿರುವುದು ಚಿಕಿತ್ಸೆ ಪಡೆದವರ ಸಂಖ್ಯೆ ಮಾತ್ರ. ನಿನ್ನದರಲ್ಲಿ ಇನ್ನೊಂದು ಕಾಲಂ ಇದೆ: ಔಷಧಿಯೋ ಹಾಸಿಗೆಯೋ ಇಲ್ಲದೆ ವಾಪಸು ಹೋದವರು. ಅದನ್ನು ಎಳೆದವನು ನಾನೇ. ಕೆಲಸ ಸಿಕ್ಕ ಹೊಸತರಲ್ಲಿ ಸ್ಕೇಲು ಹಿಡಿದು ಬಂದು, ‘ನೋಡಿದೋರ್ನ ಬರೆದ್ರೆ ಸಾಲ್ದು ಅಕ್ಕಾ, ವಾಪಸ್ ಹೋದೋರ್ನೂ ಬರೀಬೇಕು’ ಅಂದಿದ್ದೆ. ‘ಆಯ್ತಪ್ಪಾ ಪಂಡಿತ, ಬರೀತೀನಿ, ಮೊದ್ಲು ಊಟ ಮಾಡು’ ಅಂದೆ ನೀನು. ಆರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ಅವರ ಮುಂದೆ ಇಟ್ಟಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ, ಕತ್ತೆ ನಾನು!

ನಿನ್ನ ಕೈಗುಣ ಕೇಳಿ ಜನ ಬೆಟ್ಟದಾಚೆಯಿಂದ ಬರುತ್ತಾರೆ. ಬರುವವರು ಹೆಚ್ಚಿದಂತೆ ವಾಪಸು ಹೋಗುವವರೂ ಹೆಚ್ಚಿದರು. ಮೊದಲ ವರ್ಷ ಅರವತ್ತೆರಡು, ಹೋದ ವರ್ಷ ನಾನೂರ ಹದಿನೇಳು. ವರದಿಯಲ್ಲಿ ನಿನ್ನ ರಿಜಿಸ್ಟರನ್ನು ‘ಅತ್ಯಂತ ವಿಶ್ವಾಸಾರ್ಹ’ ಅಂತ ಹೊಗಳಿ, ಮರುಸಾಲಿನಲ್ಲೇ ‘ಈ ಕೇಂದ್ರದಲ್ಲಿ ನೆರವಿನ ಪರಿಣಾಮ ಕಾಣಿಸಲಿಲ್ಲ’ ಅಂತ ಬರೆದಿದ್ದಾರೆ. ಮುಂದಿನ ಕಂತು ಬರಬೇಕಾದರೆ ಸರ್ಕಾರ ಏನಾದರೂ ಕ್ರಮ ತೋರಿಸಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕ್ರಮ ಏನೆಂದು ಕೊನೆಗೆ ಬರೆಯುತ್ತೇನೆ, ಈಗ ಕೈ ಬರುತ್ತಿಲ್ಲ.

ಸಾಹೇಬರ ಹತ್ತಿರ ಓಡಿದೆ. ‘ಬೇರೆ ಕಡೆ ವಾಪಸ್ ಹೋದೋರ್ನ ಯಾರೂ ಬರ್ದೇ ಇಲ್ಲ ಸಾರ್, ಆ ಕೇಂದ್ರ ಮುಟ್ಬೇಡಿ’ ಅಂತ ಅಂಗಲಾಚಿದೆ. ಅವರು ಬಾಗಿಲು ಹಾಕಿ, ‘ಆಯಮ್ಮ ನಿಮ್ಮ ಅಕ್ಕ ಅಂತ ಗೊತ್ತಾದ್ರೆ ಇಡೀ ವರದಿ ಬಿದ್ದುಹೋಗುತ್ತೆ. ಕಂತು ನಿಂತ್ರೆ ಎಷ್ಟು ಆಸ್ಪತ್ರೆಗೆ ಸಂಬಳ ನಿಲ್ಲುತ್ತೆ, ನೀವೇ ಲೆಕ್ಕ ಹಾಕಿ’ ಅಂದರು. ಹಾಕಿದೆ. ಅವರು ಹೇಳಿದ್ದು ಸುಳ್ಳಲ್ಲ. ಉದ್ದನೆಯವರಿಗೂ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಆದರೂ ‘ಕ್ರಮ ಏನು ಅಂತ ತೀರ್ಮಾನಿಸೋದು ನಿಮ್ಮ ಸರ್ಕಾರ’ ಅಂದರು. ಇನ್ಯಾರ ಬಾಗಿಲು ತಟ್ಟಲಿ? ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ನೀನು, ನಿನಗಾಗಿ ಒಂದು ಸಾಲು ತಿದ್ದುವ ಶಕ್ತಿಯೂ ನನಗಿಲ್ಲ. ನಾಚಿಕೆಯಾಗುತ್ತದೆ ಅಕ್ಕಾ.

ಭಾವನಿಗೆ ನಮಸ್ಕಾರ ಹೇಳು. ಮೊಣಕಾಲಿಗೆ ಮುಲಾಮು ಹಚ್ಚಿಕೋ. ನಿನ್ನ ಆಶೀರ್ವಾದ ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ
ಪಂಡಿತ

ತಾ.ಕ.: ಬರುವ ಒಂದನೇ ತಾರೀಕಿಗೆ ನಿನ್ನ ಕೇಂದ್ರ ಮುಚ್ಚುತ್ತಾರೆ. ಮುಚ್ಚುವ ಕೇಂದ್ರಗಳ ಪಟ್ಟಿ ಟೈಪ್ ಮಾಡಿದವನೂ ನಾನೇ. ದಿನ ತುಂಬಿದ ಬಸುರಿಯರನ್ನು ಈಗಲೇ ಪೇಟೆ ಆಸ್ಪತ್ರೆಗೆ ಕಳಿಸಿಬಿಡು. ಮುಂದಿನ ವರ್ಷದ ಕೋಷ್ಟಕಕ್ಕೆ ಗೆರೆ ಎಳೆಯುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ಮುಚ್ಚಿದ ಬಾಗಿಲಿನಿಂದ ವಾಪಸು ಹೋದವರನ್ನು ಬರೆಯುವವರು ಯಾರೂ ಇರುವುದಿಲ್ಲವಲ್ಲ, ನಾನೂರ ಹದಿನೇಳರ ಪಕ್ಕದಲ್ಲಿ ಸೊನ್ನೆ ಬರುತ್ತದೆ. ಅದನ್ನು ಸುಧಾರಣೆ ಅಂತ ಓದುತ್ತಾರೆ, ಅಕ್ಕಾ.